ಬ್ರಾಕ್ಸ್ಟನ್ ಮನೆಯ ಶನಿವಾರಗಳು

ಬಾಗಿಲು ತೆರೆದವನು ಅವಳ ಮುಖ ನೋಡುವ ಮೊದಲು ಗಡಿಯಾರ ನೋಡಿದ.

"ನಲವತ್ತು ನಿಮಿಷ ಲೇಟ್," ಎಂದ ಇಂಗ್ಲಿಷಿನಲ್ಲಿ. "ಅವರ ಮಾತ್ರೆ ನಾನೇ ಕೊಟ್ಟಿದ್ದೇನೆ. ಶೂ ಅಲ್ಲೇ ಬಿಟ್ಟು ಕೈ ತೊಳೆದು ಬನ್ನಿ."

ಜನವರಿಯ ಹಿಮದಲ್ಲಿ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಿಂದ ಡೆಟ್ರಾಯಿಟ್‌ವರೆಗೆ ಐದೂವರೆ ಗಂಟೆ ಡ್ರೈವ್ ಮಾಡಿ ಬಂದಿದ್ದ ನಿಹಾರಿಕಾಳಿಗೆ ವಾದಿಸುವ ಶಕ್ತಿ ಇರಲಿಲ್ಲ. ಶೂ ಬಿಟ್ಟಳು, ಕೈ ತೊಳೆದಳು. ಅವನು ಬಿಪಿ ನೋಡುವ ಪಟ್ಟಿಯನ್ನು ಅವಳ ಕೈಗೆ ಕೊಟ್ಟಾಗ ಮಾತ್ರ ಹೇಳಿದಳು, "ನಾನು ನರ್ಸ್ ಅಲ್ಲ. ಲಾಯರ್."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅರೋರಾದ ಮನೆಯಿಂದ ಅಮ್ಮ.

"ಹ್ಞೂ ಅಮ್ಮಾ, ತಲುಪಿದೆ. ಊಟ ಆಯ್ತು. ಆಮೇಲೆ ಮಾಡ್ತೀನಿ."

ಫೋನ್ ಇಟ್ಟು ತಿರುಗಿದರೆ ಅವನ ಮುಖದ ಬಿಗಿಯೆಲ್ಲ ಕರಗಿ ಹೋಗಿತ್ತು.

"ಸುಳ್ಳು ಹೇಳಿದ್ರಿ," ಎಂದ. ಕನ್ನಡದಲ್ಲಿ. "ಊಟ ಆಗಿಲ್ಲ ನಿಮ್ದು."

ಒಳಗಿನ ಕೋಣೆಯಿಂದ ಮುದಿ ಧ್ವನಿಯೊಂದು ಕೇಳಿತು. "ನೀವಿಬ್ಬರೂ ಅದೇನು ಭಾಷೆಯಲ್ಲಿ ನನ್ನ ಬಗ್ಗೆ ಮಾತಾಡುತ್ತಿದ್ದೀರಿ?"

ಅದು ಅಮೋಸ್ ಬ್ರಾಕ್ಸ್ಟನ್. ತೊಂಬತ್ತಮೂರು ವರ್ಷದ ಕರಿಯ ವಕೀಲರು. ಹೆಂಡತಿ ಹೋಗಿ ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಡೆಟ್ರಾಯಿಟ್‌ನ ಪಶ್ಚಿಮ ಭಾಗದ ಆ ಇಟ್ಟಿಗೆ ಮನೆಯಲ್ಲಿ ಒಬ್ಬರೇ ಇದ್ದರು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರು ದಕ್ಷಿಣದ ತಮ್ಮ ರಾಜ್ಯದ ಲಾ ಸ್ಕೂಲಿಗೆ ಅರ್ಜಿ ಹಾಕಿದ್ದರು. ಅಲ್ಲಿ ಆಗ ಬಿಳಿಯರಿಗೆ ಮಾತ್ರ ಪ್ರವೇಶ. ಅವರು ಕೇಸು ಹಾಕಿದರು. ಕೇಸು ನಾಲ್ಕು ವರ್ಷ ನಡೆಯಿತು. ಕೊನೆಗೆ ಕೋರ್ಟು, ಬಣ್ಣದ ಮಾತನ್ನೇ ಎತ್ತದೆ, ಬಸ್ ನಿಲ್ದಾಣದಲ್ಲಿ ಬಿಳಿಯರ ಬೆಂಚಿನಲ್ಲಿ ಕೂತಿದ್ದಕ್ಕೆ ಅವರಿಗೆ ಬಿದ್ದ ದಂಡವನ್ನು ಹಿಡಿದು, 'ಗುಣನಡತೆಯಲ್ಲಿ ಅಯೋಗ್ಯ' ಎಂದು ಬರೆದು ಅವರನ್ನು ಹೊರಗಿಟ್ಟಿತು. ಅವರು ಡೆಟ್ರಾಯಿಟ್‌ಗೆ ಬಂದು, ಹಗಲು ಕಾರು ಫ್ಯಾಕ್ಟರಿಯಲ್ಲಿ ದುಡಿದು, ಸಂಜೆಯ ಕಾಲೇಜಿನಲ್ಲಿ ಓದಿ ವಕೀಲರಾದರು. ಆರು ವರ್ಷಗಳ ನಂತರ ಬೇರೆಯವರ ಕೇಸಿನಲ್ಲಿ ಆ ಸ್ಕೂಲಿನ ಬಾಗಿಲು ತೆರೆಯಿತು. ಅವರ ಹೆಸರಿನ ಮುಂದಿದ್ದ ಸಾಲು ಮಾತ್ರ ಹಾಗೇ ಉಳಿಯಿತು.

ಈಗ ಲಾ ಸ್ಕೂಲಿನವರೇ ಒಂದು ಓದುವ ಕೋಣೆಗೆ ಅವರ ಹೆಸರಿಡುತ್ತೇವೆ ಎಂದು ಪತ್ರ ಬರೆದಿದ್ದರು. ಬ್ರಾಕ್ಸ್ಟನ್ ಒಂದೇ ಸಾಲಿನ ಉತ್ತರ ಕೊಟ್ಟಿದ್ದರು: 'ಮೊದಲು ಆ ಸಾಲನ್ನು ತೆಗೆಯಿರಿ.' ಅದಕ್ಕಾಗಿ ಕೋರ್ಟಿಗೆ ಹೊಸ ಅರ್ಜಿ ಹಾಕಬೇಕಿತ್ತು. ಅಲ್ಲಿನ ಸ್ಥಳೀಯ ವಕೀಲರೊಬ್ಬರ ಜೊತೆ ಫೀಸಿಲ್ಲದೆ ಆ ಕೆಲಸ ಮಾಡಲು ಒಪ್ಪಿಕೊಂಡವಳು ನಿಹಾರಿಕಾ. ವಾರವೆಲ್ಲ ಅವಳ ಕೆಲಸ ಏರ್‌ಪೋರ್ಟ್ ಪಕ್ಕದ ಆಫೀಸಿನಲ್ಲಿ ಕಾರ್ಗೋ ಕಂಪನಿಗಳ ಕಾಗದಪತ್ರ ನೋಡುವುದು. ಶನಿವಾರಗಳನ್ನು ಏನು ಮಾಡಬೇಕೆಂದು ಅವಳಿಗೆ ಬಹಳ ದಿನಗಳಿಂದ ಗೊತ್ತಿರಲಿಲ್ಲ.

ಬಾಗಿಲು ತೆರೆದವನು ಬ್ರಾಕ್ಸ್ಟನ್ ಅವರ ಡಾಕ್ಟರು, ಕಲ್ಮೇಶ್. ಗದಗಿನ ಕಡೆಯವನು. ವಯಸ್ಸಾದವರ ಚಿಕಿತ್ಸೆಯಲ್ಲಿ ಕೊನೆಯ ವರ್ಷದ ತರಬೇತಿಯಲ್ಲಿದ್ದ, ಶನಿವಾರಗಳಂದು ರೋಗಿಗಳನ್ನು ಮನೆಗೇ ಬಂದು ನೋಡುತ್ತಿದ್ದ.

ಅಂದು ಅವನು ತನ್ನ ಡಬ್ಬಿ ತೆರೆದು ಮೇಜಿನ ಮೇಲಿಟ್ಟ. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ.

"ತಿನ್ರಿ. ನರ್ಸ್ ಅಂತ ಬೈದಿದ್ದಕ್ಕ ದಂಡ."

"ನರ್ಸ್ ಅನ್ನೋದು ಬೈಗುಳ ಅಲ್ಲ. ಲೇಟ್ ಅಂದಿದ್ದು ಬೈಗುಳ."

ಅವನು ನಕ್ಕ. ನಗುವಾಗ ಕಣ್ಣು ತಗ್ಗಿಸುತ್ತಿದ್ದ, ನಕ್ಕದ್ದು ತಪ್ಪಾಯಿತೇನೋ ಎನ್ನುವಂತೆ.

ಫೆಬ್ರವರಿಯಲ್ಲಿ ಆ ಸ್ನೇಹ ಮುರಿಯಿತು.

ಅರ್ಜಿಗೆ ಅಲ್ಲಿನ ಸರ್ಕಾರಿ ವಕೀಲರು ತಕರಾರು ತೆಗೆದರು. ಹಳೇ ಕಾಗದ ಸಾಲದು, ಬ್ರಾಕ್ಸ್ಟನ್ ಸ್ವತಃ ವಿಡಿಯೋದಲ್ಲಿ ಒಂದು ಗಂಟೆ ಪ್ರಶ್ನೆಗೆ ಉತ್ತರ ಕೊಡಬೇಕು, ಅದಕ್ಕೆ ಅವರು ಸಮರ್ಥರೆಂದು ಡಾಕ್ಟರ ಪತ್ರ ಬೇಕು. ನಿಹಾರಿಕಾ ಪತ್ರ ಟೈಪ್ ಮಾಡಿಕೊಂಡೇ ಬಂದಿದ್ದಳು. ಅಡುಗೆಮನೆಯಲ್ಲಿ ಕಲ್ಮೇಶ್ ಅದನ್ನು ಓದಿ ಮಡಚಿ ವಾಪಸ್ ಕೊಟ್ಟ.

"ಆಗಂಗಿಲ್ರಿ. ಅವರ ಹಾರ್ಟು ಭಾಳ ವೀಕ್ ಐತಿ. ಒಂದ್ ತಾಸು ಅವರನ್ನ ಕೂಡಿಸಿ ಹಳೇದೆಲ್ಲ ಕೆದಕಿದ್ರ ಏನಾರ ಆಗಬಹುದು. ನಾ ಸೈನ್ ಮಾಡಂಗಿಲ್ಲ."

"ಸೈನ್ ಮಾಡ್ಲಿಲ್ಲ ಅಂದ್ರೆ ಕೇಸೇ ಹೋಗತ್ತೆ! ಇಷ್ಟು ವರ್ಷ ಅವರು ಕಾದಿರೋದು ಇದಕ್ಕೇ."

"ನಿಮಗ ಕೇಸ್ ಮುಖ್ಯ. ನನಗ ಅವರು ಮುಖ್ಯ."

ಆ ಮಾತು ಚುಚ್ಚಿತು. ಅವಳು ಕೋಟು ಹಾಕಿಕೊಂಡು ಹೊರಟಳು. ಮುಂದಿನ ಎರಡು ಶನಿವಾರ ಬರಲಿಲ್ಲ. ಫ್ಲಾಟಿನ ಕಿಟಕಿಯಲ್ಲಿ ಕೂತು ಓ'ಹೇರ್‌ಗೆ ಇಳಿಯುವ ವಿಮಾನಗಳನ್ನು ನೋಡಿದಳು. ಶುಕ್ರವಾರ ಸಂಜೆ ಆಫೀಸಿನಲ್ಲಿ 'ಬೈ' ಅಂದದ್ದು, ಸೋಮವಾರ ಬೆಳಗ್ಗೆ 'ಹಾಯ್' ಅಂದದ್ದು. ಅಮ್ಮನ ಫೋನ್ ಬಿಟ್ಟರೆ ನಡುವೆ ಅವಳ ಧ್ವನಿ ಯಾರಿಗೂ ಬೇಕಾಗಿರಲಿಲ್ಲ.

ಮೂರನೆಯ ಶನಿವಾರ ಬ್ರಾಕ್ಸ್ಟನ್ ಇಬ್ಬರನ್ನೂ ಕರೆಸಿದರು. ಆರಾಮಕುರ್ಚಿಯಲ್ಲಿ ಟೈ ಕಟ್ಟಿಕೊಂಡು ಕೂತಿದ್ದರು.

"ಡಾಕ್ಟರ್, ನಿಮ್ಮ ಭಾಷೆ ನನಗೆ ಬರುವುದಿಲ್ಲ. ಆದರೆ ನನ್ನ ಬಗ್ಗೆ ಬೇರೆಯವರು ತೀರ್ಮಾನ ಮಾಡುವ ಧ್ವನಿ ನನಗೆ ಎಲ್ಲ ಭಾಷೆಯಲ್ಲೂ ಗೊತ್ತಾಗುತ್ತದೆ." ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಲ್ಲಿಸಿದರು. "ಆಗಲೂ ಒಳ್ಳೆಯ ಮನುಷ್ಯರೇ ಹೇಳಿದ್ದರು, ಅಮೋಸ್, ನಿನ್ನ ಒಳ್ಳೆಯದಕ್ಕೇ ಬೇಡ ಎನ್ನುತ್ತಿದ್ದೇವೆ ಅಂತ. ನನ್ನನ್ನು ಅಯೋಗ್ಯ ಎಂದು ಬರೆದ ಕಾಗದ ಒಂದಿದೆ. ಎರಡನೆಯದನ್ನು ನೀವು ಬರೆಯಬೇಡಿ."

ಕಲ್ಮೇಶ್ ಅವರ ಮಣಿಕಟ್ಟು ಹಿಡಿದು ಕೂತ. ನಾಡಿ ನೋಡುತ್ತಿದ್ದನೋ, ಸುಮ್ಮನೆ ಹಿಡಿದಿದ್ದನೋ. ಆಮೇಲೆ ನಿಹಾರಿಕಾಳ ಕಡೆ ಕೈ ಚಾಚಿದ. "ಪೆನ್ ಕೊಡ್ರಿ."

ಸಹಿಯ ಕೆಳಗೆ ಅವನು 'ಆ ಒಂದು ಗಂಟೆ ನಾನು ಅವರ ಪಕ್ಕದಲ್ಲಿರುತ್ತೇನೆ' ಎಂದು ಒಂದು ಸಾಲು ಸೇರಿಸಿದ್ದನ್ನು ಅವಳು ನೋಡಿದಳು. ಅವಳ ಸಿಟ್ಟು ಹೋದದ್ದು ಆಗ.

ಏಪ್ರಿಲ್, ಮೇ ತಿಂಗಳ ಶನಿವಾರಗಳು ಬೇರೆಯೇ ಆದವು. ಅವಳು ಹಳೇ ಕೇಸಿನ ಪುಟಗಳನ್ನು ಗಟ್ಟಿಯಾಗಿ ಓದುವಳು, ಬ್ರಾಕ್ಸ್ಟನ್ ಕಣ್ಣು ಮುಚ್ಚಿ ಕೇಳಿ ತಿದ್ದುವರು. ಕಲ್ಮೇಶ್ ಡ್ಯೂಟಿ ಇಲ್ಲದ ವಾರವೂ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ಪಾತ್ರೆ ಒರೆಸುವನು. ಅವಳು ಪುಟ ತಿರುಗಿಸುವಾಗ ತಲೆಯೆತ್ತಿದರೆ ಅವನ ಕಣ್ಣು ಸಿಗುತ್ತಿತ್ತು. ತಕ್ಷಣ ಬಟ್ಟಲಿಗೆ ಇಳಿಯುತ್ತಿತ್ತು.

"ಡಾಕ್ಟರ್," ಎಂದರು ಬ್ರಾಕ್ಸ್ಟನ್ ಒಮ್ಮೆ, ಕಣ್ಣು ಮುಚ್ಚಿಕೊಂಡೇ. "ಆ ಕಪ್ಪು ಶುಚಿಯಾಗಿ ಹತ್ತು ನಿಮಿಷವಾಯಿತು."

ಸಂಜೆ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಎದುರಿನ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು.

"ನಾ ಇರೂ ಫಾರ್ಮಿಂಗ್ಟನ್ ಹಿಲ್ಸ್‌ನಾಗ ಕಾರ್ ಸ್ಟಾರ್ಟ್ ಮಾಡಲಾರದ ಒಂದು ಮಾರಿ ಕಾಣಂಗಿಲ್ರಿ," ಎಂದ ಅವನು.

"ಮಾರಿ? ಮಾರಿ ಅಂದ್ರೆ ದೇವಿ ಅಲ್ವಾ? ಅಜ್ಜಿ ಹೆದರಿಸ್ತಿದ್ರು."

"ನಮ್ಮ ಕಡೆ ಮಾರಿ ಅಂದ್ರ ಮುಖ. ಈಗ ನೋಡ್ರಿ, ನಿಮ್ಮ ಮಾರಿ ಕೆಂಪಾಗೇತಿ."

"ಇಲ್ಲ. ಬಿಸಿಲು."

"ಬಿಸಿಲು ಆ ಕಡೆ ಐತಿ."

ಅವಳು ಮುಖ ತಿರುಗಿಸಿಕೊಂಡಳು, ಬಿಸಿಲಿರುವ ಕಡೆಗೆ. ಅವನು ಅವಳ ಕೈಯ ಹತ್ತಿರ ಕೈ ಇಟ್ಟ. ಮುಟ್ಟಲಿಲ್ಲ. ನಡುವೆ ಒಂದು ಬೆರಳಿನಷ್ಟು ಜಾಗವಿತ್ತು. ವಾಪಸ್ ಹೋಗುವ ದಾರಿಯುದ್ದಕ್ಕೂ ಅವಳು ಆ ಬೆರಳಿನಷ್ಟು ಜಾಗವನ್ನೇ ಯೋಚಿಸಿದಳು.

ವಿಚಾರಣೆ ಜೂನ್ ಹದಿನೆಂಟರ ಬೆಳಗ್ಗೆ ಹತ್ತಕ್ಕೆ. ಬ್ರಾಕ್ಸ್ಟನ್ ಅವರ ಮುಂದೆ ಲ್ಯಾಪ್‌ಟಾಪ್, ಎಡಕ್ಕೆ ನಿಹಾರಿಕಾ, ಬಲಕ್ಕೆ ಕ್ಯಾಮೆರಾಗೆ ಕಾಣದಂತೆ ನೆಲದ ಮೇಲೆ ಕಲ್ಮೇಶ್, ಅವರ ಮಣಿಕಟ್ಟಿನ ಮೇಲೆ ಅವನ ಬೆರಳು. ಎದುರು ಪಕ್ಷದ ವಕೀಲ ತರುಣ, ಸಭ್ಯ.

"ಮಿಸ್ಟರ್ ಬ್ರಾಕ್ಸ್ಟನ್, ಇಷ್ಟು ಹಳೆಯದು ನಿಮಗೆ ನಿಖರವಾಗಿ ನೆನಪಿದೆ ಎಂದು ಹೇಗೆ ನಂಬುವುದು?"

"ಅಂದು ನಾನು ನನ್ನ ತಂದೆಯ ಕೋಟು ಹಾಕಿದ್ದೆ. ತೋಳು ಗಿಡ್ಡ. ನಿಮ್ಮ ಜಾಗದಲ್ಲಿದ್ದ ವಕೀಲರು ಎಲ್ಲ ಸಾಕ್ಷಿಗಳನ್ನೂ ಮಿಸ್ಟರ್ ಎಂದು ಕರೆದರು, ನನ್ನನ್ನು ಮಾತ್ರ ಇಡೀ ದಿನ ಅಮೋಸ್ ಎಂದರು. ನೀವು ಈಗ ನನ್ನನ್ನು ಮಿಸ್ಟರ್ ಬ್ರಾಕ್ಸ್ಟನ್ ಎಂದಿರಿ. ಆ ವ್ಯತ್ಯಾಸ ನನಗೆ ನಿಖರವಾಗಿ ಗೊತ್ತು."

ತರುಣ ವಕೀಲ ತನ್ನ ಕಾಗದಗಳನ್ನು ನೋಡಿದ. ಮತ್ತೆ ಹೆಚ್ಚು ಪ್ರಶ್ನೆ ಕೇಳಲಿಲ್ಲ.

ಕೊನೆಗೆ ನ್ಯಾಯಾಧೀಶೆ ಕೇಳಿದರು, "ಈ ಕೋರ್ಟು ನಿಮಗೆ ಏನು ಕೊಡಬೇಕೆಂದು ಬಯಸುತ್ತೀರಿ?"

"ಕೊಡುವುದೇನೂ ಬೇಡ, ಯುವರ್ ಆನರ್. ಬರೆದದ್ದನ್ನು ತೆಗೆಯಿರಿ."

ಪರದೆ ಕಪ್ಪಾದ ಮೇಲೆ ಅವರು ಟೈ ಸಡಿಲಿಸಿ ಕುರ್ಚಿಯಲ್ಲೇ ನಿದ್ದೆ ಹೋದರು. ಕಲ್ಮೇಶ್ ಎರಡು ಸಲ ನಾಡಿ ಎಣಿಸಿ, ಸರಿಯಾಗಿದೆ ಎಂದು ತಲೆಯಾಡಿಸಿ, ಮೆಟ್ಟಿಲ ಮೇಲೆ ಬಂದು ಕೂತ. ನಿಹಾರಿಕಾ ಅವನ ಪಕ್ಕ ಕೂತಳು. ಅವಳಿಗೆ ಅಳಬೇಕೆನಿಸಿತ್ತು, ನಗಬೇಕೆನಿಸಿತ್ತು. ಅವನು ಎರಡಕ್ಕೂ ಬಿಡಲಿಲ್ಲ.

"ನಿಮಗ ಒಂದು ಹೇಳಬೇಕಾಗೇತಿ. ನನ್ನ ಟ್ರೇನಿಂಗ್ ಮೂವತ್ತಕ್ಕ ಮುಗೀತೈತಿ. ನನ್ನ ವೀಸಾದ ಕಂಡೀಷನ್ ಪ್ರಕಾರ ಡಾಕ್ಟರ್ ಇಲ್ಲದ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಎರಡು ಜಾಗ ಸಿಕ್ಕಿದ್ವು. ಒಂದು ಇಲಿನಾಯ್‌ನಾಗ, ಶಿಕಾಗೋಕ್ಕ ಎರಡು ತಾಸು."

"ಇನ್ನೊಂದು?"

"ಬ್ರಾಕ್ಸ್ಟನ್ ಸಾಹೇಬ್ರ ಊರಿನ ಕಡೆ. ಅವರ ತಂಗಿ ಹೆರಿಗ್ಯಾಗ ತೀರಿಕೊಂಡ್ಲಂತ. ಡಾಕ್ಟರ್ ಅರವತ್ತು ಮೈಲಿ ದೂರ ಇದ್ದ. ಇವತ್ತಿಗೂ ಅಲ್ಲಿ ಡಾಕ್ಟರ್ ಇಲ್ಲ." ರಸ್ತೆಯ ಕಡೆ ನೋಡುತ್ತ ಹೇಳಿದ, "ಅದಕ್ಕ ಸೈನ್ ಮಾಡೇನಿ."

"ಯಾವಾಗ?"

"ಮಾರ್ಚ್ ಒಂದನೇ ವಾರ. ನೀವು ಬರಲಿಲ್ಲಲ್ಲ, ಆವಾಗ."

ಅವಳು ಎದ್ದು ನಿಂತಳು. ಮತ್ತೆ ಕೂತಳು. "ಆಮೇಲೆ ಮೂರು ತಿಂಗಳು ಇಲ್ಲಿ ಕೂತು ಕಪ್ಪು ಒರೆಸ್ತಿದ್ರಲ್ಲ, ಆಗ ಹೇಳೋಕೆ ಆಗ್ಲಿಲ್ವಾ?"

"ಹೇಳಿದ್ರ ನೀವು ಬರೋದು ಬಿಡ್ತೀರಿ ಅಂತ ಹೆದರಿಕಿ ಆತು." ಅವನು ಮೊದಲ ಸಲ ಕಣ್ಣು ತಗ್ಗಿಸಲಿಲ್ಲ. "ನನಗ ನೀವು ಬೇಕ್ರಿ. ಸೈನ್ ಮಾಡೂ ಮುಂದ ಇದು ಗೊತ್ತಿರಲಿಲ್ಲ. ಗೊತ್ತಿದ್ರೂ ಬಹುಶಃ ಅಲ್ಲೇ ಮಾಡ್ತಿದ್ನೋ ಏನೋ. ಸುಳ್ಳು ಹೇಳಂಗಿಲ್ಲ."

ಆ ಕೊನೆಯ ಮಾತಿಗೆ ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೇರೆ ಉತ್ತರ ಹೇಳಿದ್ದರೆ ಇವನನ್ನು ಇಷ್ಟು ಇಷ್ಟಪಡುತ್ತಿರಲಿಲ್ಲ ಎಂದು ಹೊಳೆದು ಅವಳ ಕಣ್ಣು ತುಂಬಿತು.

"ನನ್ನ ಲಾಯರ್ ಲೈಸೆನ್ಸು ಇಲಿನಾಯ್ದು, ಕೆಲಸಾನೂ ಅಲ್ಲೇ. ನಿಮ್ಮ ಹಿಂದೆ ಬಂದುಬಿಡ್ತೀನಿ ಅಂತ ನಾನೂ ಸುಳ್ಳು ಹೇಳಲ್ಲ," ಎಂದಳು. ಮುಂದಿನದಕ್ಕೆ ಅವಳ ಬಳಿ ಕನ್ನಡವಿರಲಿಲ್ಲ. ಅವಳಿಗೆ ಬರುತ್ತಿದ್ದುದು ಅಮ್ಮ ಮಗುವಿಗೆ ಹೇಳುವ ಕನ್ನಡ ಮಾತ್ರ. ಪ್ರೀತಿಯ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಿದರೆ ಇವನಿಗಲ್ಲ, ಇನ್ನಾರಿಗೋ ಹೇಳಿದಂತಾಗುತ್ತದೆ ಅನ್ನಿಸಿತು. "ಹುಷಾರಾಗಿರಿ," ಎಂದಳು. "ಹೊತ್ತಿಗೆ ಸರಿಯಾಗಿ ಊಟ ಮಾಡಿ. ತಲುಪಿದ ತಕ್ಷಣ ಫೋನ್ ಮಾಡಿ. ನನಗೆ... ನನಗೆ ಇದಕ್ಕಿಂತ ಜಾಸ್ತಿ ಹೇಳಕ್ಕೆ ಬರಲ್ಲ."

"ಇದಕ್ಕಿಂತ ಜಾಸ್ತಿ ಏನೈತ್ರಿ," ಎಂದ ಕಲ್ಮೇಶ್. ನಡುವಿನ ಆ ಬೆರಳಿನಷ್ಟು ಜಾಗವನ್ನು ದಾಟಿ ಅವಳ ಕೈ ಹಿಡಿದ. ಒಳಗೆ ಮುದುಕರು ನಿದ್ದೆಯಲ್ಲಿ ಕೆಮ್ಮುವವರೆಗೂ ಬಿಡಲಿಲ್ಲ.

ಜೂನ್ ಮೂವತ್ತರಂದು ಅವನು ಹೊರಟ. ಕಾರಿನಲ್ಲಿ ಎರಡು ಸೂಟ್‌ಕೇಸು, ಒಂದು ಅಕ್ಕಿ ಮೂಟೆ. ಅವಳು ಬ್ರಾಕ್ಸ್ಟನ್ ಮನೆಯ ಮುಂದೆ ನಿಂತು ಕೈ ಬೀಸಿದಳು. ಮೂಲೆ ತಿರುಗುವಾಗ ಅವನ ಇಂಡಿಕೇಟರ್ ಮಿನುಗಿತು. ರಸ್ತೆಯಲ್ಲಿ ಬೇರೆ ಗಾಡಿ ಒಂದೂ ಇರಲಿಲ್ಲ.

ಜುಲೈ ಕೊನೆಯಲ್ಲಿ ಆದೇಶ ಬಂತು. ಐದು ಪುಟ. ಮೇಲ್‌ನಲ್ಲಿ ಕಳಿಸಬಹುದಿತ್ತು, ಅವಳು ಡ್ರೈವ್ ಮಾಡಿಕೊಂಡು ಹೋದಳು. ಬ್ರಾಕ್ಸ್ಟನ್ ಕೊನೆಯ ಪ್ಯಾರಾವನ್ನು ಮೂರು ಸಲ ಓದಿಸಿದರು. ಆ ಸಾಲನ್ನು ದಾಖಲೆಯಿಂದ ತೆಗೆದುಹಾಕಲಾಗಿದೆ, ಅದನ್ನು ಎಂದೂ ಬರೆಯಬಾರದಿತ್ತು.

"ಎಂದೂ ಬರೆಯಬಾರದಿತ್ತು," ಎಂದು ತಾವೇ ಒಮ್ಮೆ ಹೇಳಿ ನೋಡಿದರು. ಆಮೇಲೆ, "ಇದನ್ನು ಕೇಳಬೇಕಾದವರೆಲ್ಲ ಹೋಗಿಬಿಟ್ಟಿದ್ದಾರೆ. ನೀನಾದರೂ ಬಂದೆಯಲ್ಲ," ಎಂದರು. ಅಕ್ಟೋಬರಿನಲ್ಲಿ ಓದುವ ಕೋಣೆಯ ಸಮಾರಂಭ. ಅಷ್ಟು ದೂರ ಅವರು ಹೋಗುವಂತಿರಲಿಲ್ಲ. "ನನ್ನ ಬದಲು ನೀನು ಹೋಗು. ಮುಖ್ಯ ಬಾಗಿಲಿನಿಂದಲೇ ಒಳಗೆ ಹೋಗು."

ಅವಳು ಹೊರಗೆ ಬಂದು ಫೋನ್ ಮಾಡಿದಳು. ಕಲ್ಮೇಶ್ ಎತ್ತಿದಾಗ ಹಿಂದೆ ಯಾವುದೋ ಮಗು ಅಳುತ್ತಿತ್ತು, ಯಾರೋ ಡಾಕ್ಟರ್ ಎಂದು ಕರೆಯುತ್ತಿದ್ದರು.

"ಗೆದ್ವಿ," ಎಂದಳು.

ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. "ಸಾಹೇಬ್ರು ಹ್ಯಾಂಗದಾರ?"

"ಟೈ ಕಟ್ಟಿಕೊಂಡು ಕೂತಿದಾರೆ." ಅವಳು ನಕ್ಕಳು, ಮೂಗು ಒರೆಸಿಕೊಂಡಳು. "ಅಕ್ಟೋಬರ್‌ನಲ್ಲಿ ಅವರ ಬದಲು ನಾನು ಆ ಲಾ ಸ್ಕೂಲಿಗೆ ಬರ್ತಿದೀನಿ. ನಿಮ್ಮ ಕ್ಲಿನಿಕ್‌ನಿಂದ ತೊಂಬತ್ತು ಮೈಲಿ. ಮ್ಯಾಪ್‌ನಲ್ಲಿ ನೋಡಿದೆ."

"ಎಷ್ಟು ದಿನ ಇರ್ತೀರಿ?"

"ಮೂರು ದಿನ."

"ಸಾಲಂಗಿಲ್ರಿ."

"ಸಾಲಲ್ಲ," ಎಂದಳು ನಿಹಾರಿಕಾ. "ಆದ್ರೂ ಬರ್ತೀನಿ."