ಒಂದೂವರೆಗೆ ಕಟ್ ಆಗುವ ನೆಟ್‌ವರ್ಕ್

“ಈಗ ಬಂದ್ರಾ? ಅರ್ಧ ಗಂಟೆ ನೆಟ್‌ವರ್ಕ್ ಸತ್ತುಬಿದ್ದಿತ್ತು. ನಿಮ್ಮ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಎದ್ದು ಕೂತಿದೆ ನೋಡಿ!”

ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವ ಹುಡುಗಿ, ಕಂಪ್ಯೂಟರ್ ರಿಪೇರಿಯವನಿಗೆ ಆಡಿದ ಮೊದಲ ಮಾತೇ ಇದು.

ಅವನು ನಗಲಿಲ್ಲ. ಮೊಣಕಾಲೂರಿ ಮೇಜಿನ ಕೆಳಗೆ ತೂರಿದ. ಹನ್ನೆರಡು ವರ್ಷದ ಹಳೆಯ ಕಂಪ್ಯೂಟರ್. ರಕ್ತ ಪರೀಕ್ಷೆಯ ಯಂತ್ರ ಇದನ್ನು ಬಿಟ್ಟು ಬೇರೆ ಯಾವುದಕ್ಕೂ ಜಗ್ಗದ ಕಾರಣ ಇನ್ನೂ ಬದುಕಿಸಿ ಇಟ್ಟಿದ್ದರು.

“ಯಾವಾಗ ಹೋಗುತ್ತೆ?”

“ದಿನಾ ಒಂದೂವರೆಗೆ. ಎರಡಕ್ಕೆ ಬರುತ್ತೆ. ಅದಕ್ಕೂ ಊಟದ ಬಿಡುವು ಬೇಕೇನೋ!”

ಅವನ ಕೈ ಒಂದು ಕ್ಷಣ ನಿಂತಿತು. ಅವಳು ಗಮನಿಸಲಿಲ್ಲ...

ಆ ದಿನ ವೈರ್ ಬದಲಾಯಿಸಿದ. ಮುಂದಿನ ವಾರ ನೆಟ್‌ವರ್ಕ್ ಕಾರ್ಡ್ ತೆಗೆದು ಒರೆಸಿ ಹಾಕಿದ. ಅದರ ಮುಂದಿನ ವಾರ ಗೋಡೆಯ ಸಾಕೆಟ್ಟನ್ನೇ ಬಿಚ್ಚಿದ. ಏನು ಮಾಡಿದರೂ ಮಾರನೆಯ ದಿನ ಒಂದೂವರೆಗೆ ಮತ್ತೆ ಅದೇ ಹಾಡು. ಅವಳು ಫೋನ್ ಮಾಡುವುದು, ಅವನು ಎರಡು ಗಂಟೆಗೆ ಬರುವುದು, ಬರುವಷ್ಟರಲ್ಲಿ ಎಲ್ಲ ಸರಿ!

ತಿಂಗಳು ಎರಡಾಯಿತು. ಬೈಗುಳ ಹೋಗಿ ಮಾತು ಬಂತು, ಮಾತಿನ ಜೊತೆ ಟೀ ಬಂತು. ಒಂದೂ ಐವತ್ತೈದಕ್ಕೆ ಅವಳು ಕನ್ನಡಿ ನೋಡಿಕೊಳ್ಳುವುದನ್ನು ಕಂಡ ನರ್ಸ್ ಅಕ್ಕ ಕಿಚಾಯಿಸಿದಳು. “ನೆಟ್‌ವರ್ಕ್ ರಿಪೇರಿಗೆ ಪೌಡರ್ ಯಾಕೇ?”

ಆಮೇಲೆ ದನಿ ತಗ್ಗಿಸಿ ಹೇಳಿದಳು. “ಒಳ್ಳೆ ಮನುಷ್ಯ ಕಣೇ. ಹೆಂಡತಿ ತೀರಿಹೋಗಿ ನಾಲ್ಕು ವರ್ಷ ಆಯ್ತು. ಇಲ್ಲೇ ದಾಖಲೆ ವಿಭಾಗದಲ್ಲಿ ಇದ್ದಳು, ಪಾಪ.”

‘ನಾಲ್ಕು ವರ್ಷ... ಅವರ ಮನಸ್ಸಿನಲ್ಲಿ ನನಗೊಂದಿಷ್ಟು ಜಾಗ ಇರಬಹುದಾ?’ ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಒಂದು ಮಂಗಳವಾರ ಮಗುವಿನ ರಿಪೋರ್ಟಿಗಾಗಿ ಒಬ್ಬ ತಾಯಿ ಕೌಂಟರಿನಲ್ಲಿ ನಿಂತಿದ್ದಳು. ಗಂಟೆ ಒಂದೂವರೆ. ನೆಟ್‌ವರ್ಕ್ ಹೋಯಿತು! ಹುಡುಗಿ ರಿಪೋರ್ಟನ್ನು ಕೈಯಲ್ಲೇ ಬರೆದು, ಮಗುವಿದ್ದ ವಾರ್ಡಿಗೆ ಓಡಿ ಕೊಟ್ಟು ಬಂದಳು. ಪರದೆಯ ಮೂಲೆಯಲ್ಲಿ ದಿನಾ ಏಳುತ್ತಿದ್ದ ಸಣ್ಣ ಚೀಟಿಯನ್ನು ಅವಳು ಓದದೆಯೇ ಮುಚ್ಚುತ್ತಿದ್ದಳು. ಅಂದು ಓದಿದಳು.

ಇದೇ ನಂಬರಿನ ಇನ್ನೊಂದು ಕಂಪ್ಯೂಟರ್ ನೆಟ್‌ವರ್ಕಿನಲ್ಲಿದೆ.

ಹೇಳಲು ಕೆಳಗಿನ ಮಹಡಿಗೆ ಓಡಿದಳು. ಅವನ ಕೋಣೆ ಖಾಲಿ. ಪಕ್ಕದ ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಅವನು ಒಂದು ಹಳೆಯ ಕಂಪ್ಯೂಟರಿನ ಮುಂದೆ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ. ಪರದೆಯ ಮೇಲೆ ಒಂದು ಹೆಣ್ಣಿನ ಹೆಸರು, ಅದರ ಕೆಳಗೆ ಲ್ಯಾಬಿನ ಕಂಪ್ಯೂಟರಿನದೇ ನಂಬರು.

ಅವಳು ಬಾಗಿಲು ತಳ್ಳಿ ಒಳಗೆ ಬಂದಳು.

“ಇದರ ನಂಬರೂ ನನ್ನದರ ನಂಬರೂ ಒಂದೇ... ನಿಮಗೆ ಗೊತ್ತಿತ್ತಾ?”

ಅವನು ತಲೆ ತಗ್ಗಿಸಿದ. “ಮೊದಲ ವಾರವೇ ಗೊತ್ತಾಯ್ತು.”

“ಮತ್ತೆ ಆ ವೈರು, ಆ ಕಾರ್ಡು, ಸಾಕೆಟ್ಟು... ಎಲ್ಲಾ ನಾಟಕನಾ?”

“ಇದು ಅವಳು ಕೆಲಸ ಮಾಡ್ತಿದ್ದ ಕಂಪ್ಯೂಟರ್. ಗುಜರಿಗೆ ಹೋಯ್ತು ಅಂತ ರಿಜಿಸ್ಟರಲ್ಲಿ ಸುಳ್ಳು ಬರೆದು ಇಲ್ಲಿ ಬಚ್ಚಿಟ್ಟೆ. ನಂಬರ್ ಖಾಲಿ ಇದೆ ಅಂತ ಈಚೆಗೆ ಯಾರೋ ನಿಮ್ಮದಕ್ಕೆ ಹಾಕಿದ್ದಾರೆ. ಇದನ್ನು ಆನ್ ಮಾಡಿದ ಕೂಡಲೇ ನಿಮ್ಮದು ಹೋಗುತ್ತೆ. ಮಧ್ಯಾಹ್ನ ನಾನೂ ಅವಳೂ ಒಟ್ಟಿಗೆ ಊಟ ಮಾಡ್ತಿದ್ವಿ... ಅದೊಂದು ಅರ್ಧ ಗಂಟೆ...”

“ಅಲ್ಲಿ ಒಂದು ಮಗುವಿನ ತಾಯಿ ಕಾಯ್ತಾ ನಿಂತಿದ್ದರು!”

ಅವನು ಡಬ್ಬಿ ಮುಚ್ಚಿದ. ಅವಳು ಮೆಟ್ಟಿಲು ಹತ್ತುವಾಗ ಕಣ್ಣು ಮಂಜಾಗಿತ್ತು. ‘ಚಿಕ್ಕಂದಿನಿಂದ ಅಕ್ಕನ ಹಳೆ ಬಟ್ಟೆ, ಅಕ್ಕನ ಹಳೆ ಚಪ್ಪಲಿ. ಈಗ ಇನ್ನೊಬ್ಬಳ ನಂಬರೂ ನನಗೇನಾ? ಅವರು ಬಂದದ್ದು ನನಗಾಗಿ ಅಂದುಕೊಂಡೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ!’

ಮರುದಿನ ಒಂದೂವರೆ ದಾಟಿತು. ನೆಟ್‌ವರ್ಕ್ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಪರದೆ ನೋಡುತ್ತ ಕೂತವಳಿಗೆ ಥಟ್ಟನೆ ಹೊಳೆಯಿತು. ಅವನು ಅಲ್ಲಿ ಊಟ ಮಾಡುತ್ತಿಲ್ಲ!

ಎಷ್ಟೇ ಸಿಟ್ಟಿದ್ದರೂ ಕಾಲುಗಳು ಕೆಳಗಿನ ಮಹಡಿಗೆ ಇಳಿದವು.

ಉಗ್ರಾಣದಲ್ಲಿ ಅವನು ಆ ಕಂಪ್ಯೂಟರಿಗೆ ಹಗ್ಗ ಬಿಗಿಯುತ್ತಿದ್ದ. ಮೂರು ದಿನದ ಗಡ್ಡ. ಮೂಲೆಯಲ್ಲಿ ತೆರೆಯದ ಡಬ್ಬಿ.

“ಗುಜರಿಯವನು ಬರ್ತಾನೆ. ಇನ್ನು ನಿಮಗೆ ತೊಂದರೆ ಇರಲ್ಲ.”

“ನನ್ನ ನಂಬರ್ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?”

“ಎರಡು ನಿಮಿಷ.”

“ಎರಡು ತಿಂಗಳು ಯಾಕೆ ಮಾಡಲಿಲ್ಲ?”

ಅವನು ಹಗ್ಗ ಬಿಟ್ಟ.

“ಮಾಡಿದ್ರೆ ನೀವು ಮತ್ತೆ ಕರೆಯೋದೇ ಇಲ್ಲ ಅಂತ... ಇವಳ ಮುಂದೆ ಕೂತು ಊಟ ಮಾಡ್ತಾ, ಎರಡು ಗಂಟೆ ಯಾವಾಗ ಆಗುತ್ತೆ ಅಂತ ಕಾಯ್ತಿದ್ದೆ. ಇವಳಿಗೆ ಮೋಸ ಮಾಡ್ತಿದ್ದೀನಿ ಅನಿಸೋದು. ನಿಮಗೂ ಮೋಸ.”

ದೊಡ್ಡ ಗಂಡಸು, ತೋಳಿನಿಂದ ಕಣ್ಣೊರೆಸಿಕೊಂಡ. ಅವಳ ಸಿಟ್ಟು ಎಲ್ಲಿ ಹೋಯಿತೋ! ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಕ್ಕೆ ನಾಚಿಕೆಯಾಯಿತು.

ಅವಳು ಬಗ್ಗಿ ಹಗ್ಗದ ಗಂಟು ಬಿಚ್ಚತೊಡಗಿದಳು.

“ಏನು ಮಾಡ್ತಿದ್ದೀರಿ?”

“ಅವರ ನಂಬರ್ ಅವರಿಗೇ ಇರಲಿ. ನನಗೆ ಬೇರೆ ಕೊಡಿ. ಯಾರೂ ಬಳಸದೇ ಇರೋದು, ಹೊಸದು.”

ಅವನು ನೋಡುತ್ತಲೇ ನಿಂತ.

“ಆಮೇಲೆ... ಆಮೇಲೆ ಏನು ನೆಪ ಹೇಳಿ ಬರಲಿ ನಾನು?”

“ಇನ್ನೂ ನೆಪ ಬೇಕಾ?” ಅವಳ ದನಿ ಒಡೆಯಿತು. “ನಾಳೆ ನಾನೇ ಡಬ್ಬಿ ತಗೊಂಡು ಬರ್ತೀನಿ, ಇಲ್ಲಿಗೆ.”

ಅವನು ಗಾಬರಿಯಿಂದ ಪಕ್ಕಕ್ಕೆ ನೋಡಿದ. ಅಲ್ಲಿ ಒಂದು ಖಾಲಿ ಕುರ್ಚಿ ಇತ್ತು.

“ಅದು... ಅವಳದು.”

“ಗೊತ್ತು. ಅದು ಅಲ್ಲೇ ಇರಲಿ,” ಎಂದಳು ಅವಳು, ಕೆನ್ನೆಯ ಮೇಲಿನ ನೀರು ಒರೆಸಿಕೊಳ್ಳದೆ. “ನನ್ನ ಕುರ್ಚಿ ನಾನೇ ತರ್ತೀನಿ.”