ಹಣಮಮ್ಮನ ಮನೆ ಮಾರಿದವರು ಯಾರು?

"ಅಕ್ಕಾರ, ಮನಿ ನನಗ ಕೊಡ್ತೀನಂತ ಮಾತು ಕೊಟ್ಟು ಬ್ಯಾರೆಯವ್ರಿಗಿ ಮಾರೀರೇನ್ರಿ?"

ಫೋನಿನಲ್ಲಿ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಸೂಗಪ್ಪನ ದನಿ ಸಿಟ್ಟಿನಿಂದ ನಡುಗುತ್ತಿತ್ತು. ಸುಮಂಗಲಾ ಕಪನೂರಿನ ಬೇಳೆ ಮಿಲ್ಲಿನಲ್ಲಿ ಪ್ಯಾಕಿಂಗ್ ಕೆಲಸ ನೋಡಿಕೊಳ್ಳುವವಳು. ಯಂತ್ರಗಳ ಸದ್ದಿನಲ್ಲಿ ಮಾತು ಸರಿಯಾಗಿ ಕೇಳದೆ ಹೊರಗೆ ಬಂದಳು.

"ಯಾರ್ ಮಾರ್ಯಾರ? ಏನ್ ಮಾತಾಡಾಕತ್ತೀರಿ ಸೂಗಪ್ಪಣ್ಣಾ?"

"ಜೆಸಿಬಿ ನಿಂತದರಿ! ಮುಂದಿನ ಗ್ವಾಡಿ ಬಿದ್ದದ. ಬಂದು ನೋಡ್ರಿ!"

ಒಂದು ತಾಸಿನ ಮೇಲೆ ಕಮಲಾಪುರದಲ್ಲಿ ಬಸ್ಸಿನಿಂದಿಳಿದು ಓಡೋಡಿ ಬಂದವಳು ಓಣಿಯ ತಿರುವಿನಲ್ಲೇ ನಿಂತುಬಿಟ್ಟಳು. ಮನೆಗೆ ಮುಂಭಾಗವೇ ಇರಲಿಲ್ಲ! ಸೋದರತ್ತೆ ಹಣಮಮ್ಮ ಸಾಯುವ ಮುಂಚೆ ಹನ್ನೊಂದು ತಿಂಗಳು ಹಾಸಿಗೆ ಹಿಡಿದು ಮಲಗಿದ್ದ ಕೋಣೆ ಬೀದಿಗೆ ತೆರೆದುಕೊಂಡಿತ್ತು. ನೀಲಿ ಗೋಡೆಯ ಮೇಲೆ ಬುದ್ಧನ ಪಟ ಓರೆಯಾಗಿ ಜೋತಾಡುತ್ತಿತ್ತು. ಹೋಗಿಬರುವವರೆಲ್ಲ ಒಳಗೆ ಇಣುಕುತ್ತಿದ್ದರು.

"ನಿಲ್ಲಸ್ರಿ! ಯಾರ್ ಹೇಳ್ಯಾರ ಕೆಡವಾಕ?"

ಸಿಮೆಂಟು-ಕಬ್ಬಿಣದ ವ್ಯಾಪಾರಿ ಖಾಜಾ ಮುಂದೆ ಬಂದ. "ನೀವ್ಯಾರ್ರಿ? ಈ ಮನಿ ನಂದು. ಮೂರು ತಿಂಗಳಾತು ರಿಜಿಸ್ಟ್ರಿ ಆಗಿ."

"ಯಾರ ಕಡಿಂದ ತಗೊಂಡ್ರಿ?"

"ಹಣಮಮ್ಮನ ಸೋದರಸೊಸಿ, ಸುಮಂಗಲಾ ಅನ್ನೋರ ಕಡಿಂದ."

"ನಾನೇ ಸುಮಂಗಲಾ!"

ಖಾಜಾ ಅವಳ ಮುಖವನ್ನೇ ನೋಡಿದ. ಬಿದ್ದ ಇಟ್ಟಿಗೆಗಳ ಮೇಲೆ ಕುಸಿದು ಕುಳಿತ. "ಅಲ್ಲಾ... ಹಂಗಾದ್ರ ಅಕೀ ಯಾರು?"

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ವಿಶ್ವಾಸ ಖರೀದಿ ಪತ್ರವನ್ನು ಮೇಜಿನ ಮೇಲೆ ಹರಡಿದ. ಫೋಟೋದಲ್ಲಿ ಹುಬ್ಬಿನವರೆಗೆ ಸೆರಗು ಹೊದ್ದ ಹೆಂಗಸು. ಸುಮಂಗಲಾ ಅವಳನ್ನು ಎಂದೂ ಕಂಡಿರಲಿಲ್ಲ. ಕೆಳಗಿನ ಸಹಿ ಮಾತ್ರ ತನ್ನದೇ ಅನ್ನುವ ಹಾಗಿತ್ತು!

"ನಿಮಗಾದ್ರೂ ಮಾರಾಕ ಬರ್ತಿತ್ತೇನ್ರಿ ಮೇಡಂ?"

"ಇಲ್ರಿ. ನಮ್ಮತ್ತಿ ನರ್ಸ್ ಇದ್ರು. ಮಕ್ಕಳಿಲ್ಲ. ಮನಿ ನನಗಂತ ಮೃತ್ಯುಪತ್ರ ಬರದಾರ. ಅದು ಖರೇ ಅಂತ ಕೋರ್ಟ್ ಪ್ರೊಬೇಟ್ ಕೊಡಬೇಕು. ಆಮ್ಯಾಲೇ ಮಾರಾಕ ಬರೋದು. ಸೂಗಪ್ಪಣ್ಣ ಒಂದೂವರಿ ವರ್ಷದಿಂದ ಕಾಯಾಕತ್ತಾರ."

"ಕೇಸ್ ಇನ್ನೂ ನಡದದ?"

"ನಡದದರಿ. ನನ್ನ ತಮ್ಮ ಸುಧಾಕರ ತಕರಾರು ಹಾಕ್ಯಾನ. ವಿವೇಕಾನಂದ ವಕೀಲ್ರು ನೋಡ್ಕೊಳ್ಳಾಕತ್ತಾರ. ತಿಂಗಳಿಗೊಮ್ಮಿ ಮುಂದಿನ ತಾರೀಖು ಬರ್ದು ಚೀಟಿ ಕೊಡ್ತಾರ."

ಅವಳು ಪರ್ಸಿನಿಂದ ಚೀಟಿ ತೆಗೆದಳು. ವಿಶ್ವಾಸ ಅದನ್ನು ಖರೀದಿ ಪತ್ರದ ಜೊತೆ ಖಾಜಾ ತಂದಿದ್ದ ಕೋರ್ಟಿನ ಪ್ರೊಬೇಟ್ ಆದೇಶದ ಪಕ್ಕದಲ್ಲಿಟ್ಟ. ಮುಖ ಅರಳಿತು.

"ನೋಡ್ರಿ! ನಿಮ್ಮ ಕೇಸ್ ನಂಬರ್ ಅರವತ್ತೇಳು. ಈ ಆದೇಶದಾಗ ಅರವತ್ತೊಂದು ಅದ. ಖೋಟಾ ಮಾಡಿದಾಂವ ನಂಬರ್ ತಪ್ಪು ಹಾಕ್ಯಾನ." ಮೊಬೈಲಿನಲ್ಲಿ ಕೋರ್ಟಿನ ಜಾಲತಾಣ ತೆರೆದು ಅರವತ್ತೇಳನ್ನು ಒತ್ತಿ ನೋಡಿದ. "ವಿಚಾರಣೆಯಲ್ಲಿದೆ ಅಂತ ಬಂತು. ಇನ್ನೂ ಮುಗೀಲಾರದ ಕೇಸಿಗಿ ಆದೇಶ ಎಲ್ಲಿಂದ ಬರ್ತದ?" ಖಾಜಾನ ಕಡೆ ತಿರುಗಿದ. "ನಿಮಗ ಮನಿ ತೋರಿಸಿದವ್ರು ಯಾರು?"

"ಪರ್ವೇಜ್ ಅಂತ ಬ್ರೋಕರ್‌ರಿ. ಮುಂಜಾನಿಂದ ಫೋನ್ ಬಂದ್ ಅದ. ವರ್ಷದ ತನಕ ಮನಿ ಮುಟ್ಟಬ್ಯಾಡ್ರಿ ಅಂದಿದ್ದ. ನನಗ ಗೋದಾಮಿನ ಜರೂರಿತ್ತು, ಕೆಲಸ ಶುರು ಮಾಡ್ದೆ."

ಸಂಜೆಯೊಳಗೆ ಪರ್ವೇಜನ ಫೋನ್ ಕರೆಗಳ ಪಟ್ಟಿ ಬಂತು. ಅದರಲ್ಲಿ ಸುಧಾಕರನ ನಂಬರು ನಾಲ್ಕು ಸಲ ಇತ್ತು.

ಸುಧಾಕರ ಕಪನೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಕೈಗೆ ಮಸಿ ಮೆತ್ತಿಕೊಂಡೇ ಬಂದು ನಿಂತ. ಅಕ್ಕನನ್ನು ಕಂಡು ಬಾಯಿ ತೆರೆದ. ಅವಳು ಮುಖ ತಿರುಗಿಸಿದಳು.

"ಪರ್ವೇಜ್ ನಿನಗ ಗೊತ್ತೇನು?" ವಿಶ್ವಾಸ ಕೇಳಿದ.

"ಗೊತ್ತರಿ. ಗೇಟ್ ಮಾಡಿಸ್ಯಾನ."

"ನಿಮ್ಮತ್ತಿ ಮನಿ ಮಾತು ಆಡಿದ್ನಾ?"

"ಕೇಸ್ ಎಲ್ಲಿಗಿ ಬಂತು ಅಂದ. ವಕೀಲ್ರನ್ನ ಕೇಳು ಅಂದೆ."

"ತಕರಾರು ಹಾಕಿದಾಂವ ನೀನು. ಮನಿ ಕೈ ತಪ್ಪತದಂತ ನೀನೇ—"

"ಎಲ್ಲಿ ತಕರಾರ್ರಿ? ವಾಪಸ್ ತಗೊಂಡು ಆರ್ ತಿಂಗಳಾತು!" ಅವನು ಸುಮಂಗಲಾ ಕಡೆ ತಿರುಗಿದ. "ಅಕ್ಕಾ, ನಿನಗ ಗೊತ್ತಿಲ್ಲೇನು?"

"ಸುಳ್ಳ!" ಸುಮಂಗಲಾ ಕಿರುಚಿದಳು. "ಹೋದ ತಿಂಗಳೂ ವಕೀಲ್ರು ಹೇಳ್ಯಾರ, ತಮ್ಮನ ತಕರಾರಿನಿಂದಾನೇ ಕೇಸ್ ನಿಂತದ ಅಂತ. ಸರ್, ಇವನೇ ಮಾರ್ಯಾನ. ಬರ್ಕೋರಿ!"

ವಿಶ್ವಾಸ ಬರೆದುಕೊಂಡ. ಸುಧಾಕರನನ್ನು ಠಾಣೆಯಲ್ಲೇ ಕೂರಿಸಿದರು.

ಕೋಟೆಯ ಹತ್ತಿರದ ಬಾಡಿಗೆ ಮನೆಗೆ ಮರಳಿದಾಗ ಸುಮಂಗಲಾಗೆ ಚಾವಿ ತಿರುಗಿಸುವಷ್ಟೂ ತ್ರಾಣ ಇರಲಿಲ್ಲ. ಪಕ್ಕದ ಮನೆಯ ಬಷೀರುನ್ನೀಸಾ ಬಂದು ಕೈಯಿಂದ ಚಾವಿ ತೆಗೆದುಕೊಂಡಳು. ಸಿವಿಲ್ ಕೋರ್ಟಿನಲ್ಲಿ ಮೂವತ್ತು ವರ್ಷ ಕಡತಗಳ ನಡುವೆ ಕಳೆದು, ಶಿರಸ್ತೇದಾರಳಾಗಿ ನಿವೃತ್ತಳಾದ ಹೆಂಗಸು. ಎಲ್ಲವನ್ನೂ ಕೇಳಿದಳು. ನಡುವೆ ಒಮ್ಮೆಯೂ ಅಯ್ಯೋ ಅನ್ನಲಿಲ್ಲ.

"ಆದೇಶ ಖೋಟಾ ಅಂತ ಯಾರಂದ್ರು, ಬೇಟಿ?"

"ನಂಬರ್ ಬ್ಯಾರೆ ಅದಲ್ಲ ಆಪಾ! ಚೀಟಿಯಾಗ ಅರವತ್ತೇಳು, ಆದೇಶದಾಗ ಅರವತ್ತೊಂದು."

"ಎರಡರಾಗ ಒಂದು ಸುಳ್ಳ. ಆದೇಶಾನೇ ಸುಳ್ಳ ಅಂತ ಹೆಂಗ ಗೊತ್ತು?"

ಸುಮಂಗಲಾ ಅವಳ ಮುಖ ನೋಡಿದಳು.

"ಹಳೇ ಚೀಟಿ ಅದಾವೇನು?"

ಅವಳು ಒಂದನ್ನೂ ಬಿಸಾಡಿರಲಿಲ್ಲ. ಬಿಸ್ಕಿಟ್ ಡಬ್ಬಿ ತಂದು ಬೋರಲು ಹಾಕಿದಳು. ಬಷೀರುನ್ನೀಸಾ ಕನ್ನಡಕ ಏರಿಸಿ ಒಂದೊಂದನ್ನೇ ತಾರೀಖಿನ ಪ್ರಕಾರ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಎಲ್ಲ ಒಂದೇ ಕೈಬರಹ. ಮೊದಲ ಹದಿಮೂರರಲ್ಲಿ 61. ಕೊನೆಯ ಐದರಲ್ಲಿ 67.

ಬರೆದವರು 1ರ ತಲೆಗೆ ಸಣ್ಣದೊಂದು ಗೆರೆ ಎಳೆದಿದ್ದರು, ಅಷ್ಟೇ. ಐದು ತಿಂಗಳು ಸುಮಂಗಲಾ ಅದನ್ನು ನೋಡಿಯೂ ನೋಡಿರಲಿಲ್ಲ.

ಬಷೀರುನ್ನೀಸಾ ಮೊಬೈಲಿನಲ್ಲಿ ಅರವತ್ತೇಳನ್ನು ಹುಡುಕಿದಳು. "ವಿಚಾರಣೆಯಲ್ಲಿ ಅದ, ಖರೆ. ಪೊಲೀಸ್ ಸಾಹೇಬ್ರು ಅಷ್ಟ್ ಓದಿ ಬಿಟ್ರು. ವಾದಿ ಹೆಸರು ಓದು."

ಅಲ್ಲಿ ಸುಮಂಗಲಾಳ ಹೆಸರಿರಲಿಲ್ಲ. ಯಾರೋ ಬಂಡೆಮ್ಮ ಎಂಬವಳ ಕೇಸು.

"ಈಗ ಅರವತ್ತೊಂದು ಒತ್ತು."

ಒತ್ತಿದಳು. ತನ್ನ ಹೆಸರು. ಹಣಮಮ್ಮನ ಹೆಸರು. ಅದರ ಕೆಳಗೆ— ಪ್ರೊಬೇಟ್ ಮಂಜೂರಾಗಿದೆ, ಪ್ರಕರಣ ವಿಲೇವಾರಿ. ಐದು ತಿಂಗಳ ಹಿಂದಿನ ತಾರೀಖು.

ಸುಮಂಗಲಾ ಮತ್ತೊಮ್ಮೆ ಓದಿದಳು. "ನಾನು ಗೆದ್ದೀನಾ? ಐದ್ ತಿಂಗಳ ಹಿಂದ?"

"ಗೆದ್ದೀ. ನಿನಗ ಹೇಳಿಲ್ಲ. ನಿನ್ನ ತಮ್ಮ ಅಂದದ್ದು ಯಾರೂ ಕಿವಿಗಿ ಹಾಕ್ಕೊಳ್ಳಿಲ್ಲ. ತಕರಾರು ವಾಪಸ್ ಆದ್ರ ಪ್ರೊಬೇಟ್ ಮಂಜೂರಾಗಾಕ ಆರ್ ತಿಂಗಳ್ಯಾಕ ಬೇಕು?"

"ವಕೀಲ್ರು ಹಂಗ ಮಾಡೋರಲ್ಲ ಆಪಾ. ಅವ್ರ ಮಗನ ಹೆರಿಗಿ ನಮ್ಮತ್ತೀನೇ ಮಾಡಿಸ್ಯಾಳ. ಮೃತ್ಯುಪತ್ರ ಬರದವ್ರೂ ಅವ್ರೇ. ಹಣಮಕ್ಕಾ, ಹಣಮಕ್ಕಾ ಅಂತ ಮಂಚದ ಕಡಿ ಕುಂತು ಅತ್ತಾರ!"

"ಅತ್ತಿರಬೇಕು," ಎಂದಳು ಬಷೀರುನ್ನೀಸಾ. "ನಾಳಿ ಕಡತ ನೋಡೋಣು."

ಮರುದಿನ ಮಧ್ಯಾಹ್ನ, ಜಗತ್ ವೃತ್ತದ ಹತ್ತಿರದ ಕಟ್ಟಡದ ಎರಡನೆಯ ಮಹಡಿ. ವಿವೇಕಾನಂದ ವಕೀಲರು ಎದ್ದು ಕುರ್ಚಿ ತೋರಿಸಿದರು. ಅಚ್ಚ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಕಣ್ಣಲ್ಲಿ ಕನಿಕರ.

"ಸುದ್ದಿ ಕೇಳ್ದೆ ತಂಗಿ. ಒಡಹುಟ್ಟಿದಾಂವ ಹಿಂಗ ಮಾಡ್ತಾನಂತ ಯಾರಿಗಿ ಗೊತ್ತಿತ್ತು?"

"ಮುಂದಿನ ತಾರೀಖು ಯಾವಾಗದರಿ ವಕೀಲ್ರ?" ಬಷೀರುನ್ನೀಸಾ ಕೇಳಿದಳು.

"ಇಪ್ಪತ್ತೆರಡಕ್ಕ."

"ಯಾವ ಕೇಸಿಂದು?"

"ಅಂದ್ರ?"

"ಸುಮಂಗಲಾಂದು ಮುಗದು ಐದ್ ತಿಂಗಳಾತು. ಇಪ್ಪತ್ತೆರಡಕ್ಕ ಬಂಡೆಮ್ಮಂದು ಅದ. ಅಕೀ ಕೇಸೂ ನೀವೇ ನಡಸ್ತೀರೇನ್ರಿ?"

ವಕೀಲರ ಕೈ ನೀರಿನ ಗ್ಲಾಸಿನ ಹತ್ತಿರ ಹೋಗಿ ನಿಂತಿತು.

ಬೆಳಿಗ್ಗೆ ಕೋರ್ಟಿನ ಕಡತ ನೋಡಿ ಬಷೀರುನ್ನೀಸಾ ಕರೆಸಿದ್ದ ವಿಶ್ವಾಸ ಬಾಗಿಲಲ್ಲಿ ಕಾಣಿಸಿಕೊಂಡ. ಅವನ ಹಿಂದೆ ಖಾಜಾ, ಎದೆಗೆ ಕಡತ ಅವುಚಿಕೊಂಡು. ಬಷೀರುನ್ನೀಸಾ ಅದರಿಂದ ಆದೇಶದ ಪ್ರತಿ ತೆಗೆದು ಮೇಜಿನ ಮೇಲಿಟ್ಟು ಮಗುಚಿದಳು.

"ಎಲ್ಲಾರೂ ಮುಂದಿನ ಪುಟ ಓದಿದ್ರು. ನಕಲು ಕೊಡುವಾಗ ಕೋರ್ಟಿನವ್ರು ಹಿಂದ ಮೊಹರು ಹಾಕ್ತಾರ— ಯಾವಾಗ ಅರ್ಜಿ ಬಂತು, ಯಾವಾಗ ನಕಲು ಕೊಟ್ಟೆವು, ಯಾರು ತಗೊಂಡ್ರು. ನಾನೇ ಸಾವಿರಾರು ಮೊಹರು ಹಾಕೀನಿ. ಇದು ಖೋಟಾ ಅಲ್ಲ. ಖರೇ ಆದೇಶ. ತಗೊಂಡವ್ರ ಸಹಿ ಇಲ್ಲೇ ಅದ. ಯಾರ್ದು ಹೇಳ್ರಿ?"

ವಿವೇಕಾನಂದರು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

"ಸುಮಂಗಲಾನ ಆಧಾರ್ ನಿಮ್ಮ ಕಡಿ ಇತ್ತು. ಸಹಿ ಮಾಡಿದ ಕಾಗದ ಇದ್ದವು. ಬೇಕಾದದ್ದು ಒಂದು ಮುಖ, ಒಂದು ಬ್ರೋಕರ್. ವರ್ಷ ತನಕ ಮನಿ ಮುಟ್ಟಬ್ಯಾಡಂತ ಖಾಜಾಗ ಹೇಳಿಸಿದ್ದೂ ನೀವೇ. ಅಷ್ಟರಾಗ ಈಕೀಗಿ ಕೇಸ್ ಸೋತದಂತ ಹೇಳಿದ್ರ ಮುಗೀತು. ತಮ್ಮನ್ನ ಬೈಕೋತ ಕುಂದರ್ತಿದ್ಲು. ಹೌದಲ್ರಿ?"

ಹೊರಕೋಣೆಯಲ್ಲಿ ಟೈಪ್ ಮಾಡುತ್ತಿದ್ದ ಸದ್ದು ನಿಂತಿತು. ಖಾಜಾ ಕತ್ತು ಚಾಚಿ ನೋಡಿದವನು ಚೀರಿದ— "ಇವಳೇ ಸಾಹೇಬ್ರ! ಸೆರಗು ಹೊದ್ದು ಬಂದಾಕಿ ಇವಳೇ!"

ಹೆಂಗಸು ಟೈಪ್ ಯಂತ್ರದ ಮೇಲೆ ತಲೆಯಿಟ್ಟು ಅಳತೊಡಗಿದಳು. ಹೈದರಾಬಾದಿಗೆ ಓಡಿದ್ದ ಪರ್ವೇಜ್ ಎಲ್ಲಿರುವನೆಂದೂ ಅವಳೇ ಹೇಳಿದಳು.

"ವಕೀಲ್ರ," ಎಂದಳು ಸುಮಂಗಲಾ. "ನಮ್ಮತ್ತಿ ಹಾಸಿಗಿ ಕಡಿ ಕುಂತಾಗ್ಲೇ ಇದು ತಲಿಯಾಗ ಇತ್ತೇನ್ರಿ?"

ವಕೀಲರು ಮೇಜಿನ ಕಾಗದಗಳನ್ನು ಜೋಡಿಸತೊಡಗಿದರು. ವಿಶ್ವಾಸ ಅವರ ತೋಳು ಹಿಡಿದ.

ಮೆಟ್ಟಿಲ ಬಳಿ ಬಷೀರುನ್ನೀಸಾ ಚೀಲದಿಂದ ಒಂದು ಕಾಗದ ತೆಗೆದಳು. "ಖರೀದಿ ಪತ್ರ ರದ್ದಾಗ್ತದ, ಹೊತ್ತು ಹಿಡೀತದ, ಆದ್ರ ಆಗ್ತದ. ಇದು ಕಡತದಾಗ ಸಿಕ್ತು. ಓದು."

ಸುಧಾಕರ ಕೋರ್ಟಿಗೆ ಕೊಟ್ಟ ಅರ್ಜಿಯ ನಕಲು. ಅವನದೇ ವಕ್ರ ಅಕ್ಷರ:

'ನಮ್ಮತ್ತೆಯನ್ನು ಹನ್ನೊಂದು ತಿಂಗಳು ನೋಡಿಕೊಂಡವಳು ನನ್ನ ಅಕ್ಕ. ಆಗ ನಾನು ಎರಡೇ ಸಲ ಹೋಗಿದ್ದೆ. ಸಿಟ್ಟಿನಲ್ಲಿ ತಕರಾರು ಹಾಕಿದ್ದು ನನ್ನ ತಪ್ಪು. ಮನೆ ಅವಳದು. ಅಕ್ಕ ನನ್ನ ಫೋನ್ ಎತ್ತುವುದಿಲ್ಲವಾದ್ದರಿಂದ ಈ ಮಾತನ್ನು ಅವಳ ವಕೀಲರು ಅವಳಿಗೆ ತಿಳಿಸಬೇಕೆಂದು ಕೋರುತ್ತೇನೆ.'

ಸುಮಂಗಲಾ ಕಾಗದ ಮಡಚಿದಳು. ಒಂದು ವರ್ಷದ ಕೆಳಗೆ ಅವನ ನಂಬರನ್ನು ಬ್ಲಾಕ್ ಮಾಡಿದ್ದು ಅವಳೇ. ನಿನ್ನೆ 'ಬರ್ಕೋರಿ' ಎಂದು ಕಿರುಚಿದ್ದೂ ಅವಳೇ.

ಸುಧಾಕರನನ್ನು ಅಂದೇ ಬಿಟ್ಟರು. ಠಾಣೆಗೆ ಹೋಗುವ ಧೈರ್ಯ ಅವಳಿಗಾಗಲಿಲ್ಲ. ಮರುದಿನ ಬೆಳಿಗ್ಗೆ ಮಿಲ್ಲಿಗೆ ಹೋಗುವ ಬದಲು ವೆಲ್ಡಿಂಗ್ ಅಂಗಡಿಯ ಮುಂದೆ ಹೋಗಿ ನಿಂತಳು. ಅವನು ಗೇಟಿನ ಸರಳು ಬೆಸೆಯುತ್ತಿದ್ದ. ಮುಖಕ್ಕೆ ಹಿಡಿದ ಕಪ್ಪು ಗಾಜನ್ನು ಇಳಿಸಿ ನೋಡಿದ.

"ತಮ್ಮಾ..." ಎಂದಳು.

ನಿದ್ದೆಯಿಲ್ಲದ ಅವನ ಕಣ್ಣುಗಳು ಕೆಂಪಾಗಿದ್ದವು. ಅವನು ಕಾಲಿನಿಂದ ಒಂದು ಕಬ್ಬಿಣದ ಸ್ಟೂಲನ್ನು ಅವಳ ಕಡೆ ನೂಕಿದ.

"ಕಿಡಿ ಹಾರ್ತಾವ. ಈ ಕಡಿ ಮುಖ ಮಾಡಬ್ಯಾಡ," ಎಂದು ಮತ್ತೆ ಗಾಜು ಏರಿಸಿಕೊಂಡ.

ಸುಮಂಗಲಾ ಮುಖ ತಿರುಗಿಸಿ ಕುಳಿತಳು. ಅವನು ಕೆಲಸ ಮುಗಿಸುವವರೆಗೂ ಏಳಲಿಲ್ಲ.