ಸೋಮಯ್ಯನ ರಕ್ತದ ವರದಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಅಂತರಸಂತೆಯ ಚಿಕ್ಕಸಿದ್ದಮ್ಮ ಹೆಗ್ಗಡದೇವನಕೋಟೆ ಠಾಣೆಗೆ ಬಂದು ದೂರು ಕೊಟ್ಟಳು. ಗಂಡ ಸೋಮಯ್ಯನಿಗೆ ಚಳಿಜ್ವರ ಬಂದಿತ್ತು. ರಕ್ತಕ್ಕೆ ನಂಜು ಹತ್ತಿದೆಯೇ ಎಂದು ನೋಡಲು ಹೆಗ್ಗಡದೇವನಕೋಟೆಯ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದರು. ಎರಡನೇ ದಿನ ‘ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂಬ ವರದಿ ಬಂತು. ಅದನ್ನು ನಂಬಿ ಡಾಕ್ಟರು ವೈರಲ್ ಜ್ವರವೆಂದು ಮನೆಗೆ ಕಳಿಸಿದರು. ಐದನೇ ದಿನ ಮೈಸೂರಿನ ಆಸ್ಪತ್ರೆಗೆ ಒಯ್ದರೆ, ಅಲ್ಲಿಯ ಯಂತ್ರ ಹನ್ನೆರಡು ಗಂಟೆಯೊಳಗೆ ನಂಜನ್ನು ಪತ್ತೆ ಹಚ್ಚಿತು. ಏನು ಪ್ರಯೋಜನ? ಅಷ್ಟರಲ್ಲಿ ಸೋಮಯ್ಯ ತೀರಿಕೊಂಡಿದ್ದ.

ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕೆಂಪಯ್ಯನ ಪೆನ್ನು ಲ್ಯಾಬಿನ ಹೆಸರು ಬಂದಾಗ ನಿಂತುಬಿಟ್ಟಿತು. ಸೋಮಯ್ಯ ಅವನ ಊರಿನವನೇ. ‘ಮೈಸೂರ್ಗ್ಯಾಕೆ, ನಮ್ ಹುಡ್ಗ ಅವ್ನೆ’ ಎಂದು ಎದೆಯುಬ್ಬಿಸಿ ಆ ಲ್ಯಾಬಿಗೆ ಕಳಿಸಿದ್ದವನೂ ಅವನೇ. ಅಲ್ಲಿಯ ಟೆಕ್ನಿಷಿಯನ್ ಚೇತನ್‌ಕುಮಾರ್ ಅವನ ಅಕ್ಕನ ಮಗ. ಓದಿಸಿದ್ದು, ಕೆಲಸಕ್ಕೆ ಸೇರಿಸಿದ್ದು ಎಲ್ಲ ಕೆಂಪಯ್ಯನೇ. ಇದನ್ನೆಲ್ಲ ಸಬ್ ಇನ್ಸ್‌ಪೆಕ್ಟರ್ ನಂದಿತಾಗೆ ಮುಚ್ಚಿಡದೆ ಹೇಳಿದ. ಜೊತೆಗೆ ಬನ್ನಿ, ಬಾಯಿ ಮಾತ್ರ ಬಿಡಬೇಡಿ ಎಂದರು ಅವರು.

11.45ಕ್ಕೆ ಲ್ಯಾಬಿನಲ್ಲಿ ಪಂಚರ ಮುಂದೆ ಪಂಚನಾಮೆ ಶುರುವಾಯಿತು. ರಕ್ತದ ಬಾಟಲಿಯನ್ನು ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ಒಳಗಿನ ರೋಗಾಣು ಬೆಳೆದು ಕಣ್ಣಿಗೆ ಬೀಳುತ್ತದೆ. ರಿಜಿಸ್ಟರ್‌ನಲ್ಲಿ ಪ್ರತಿದಿನವೂ ಮೂವತ್ತೇಳು ಡಿಗ್ರಿ ಎಂದು ಚೇತನ್‌ನ ದುಂಡು ಅಕ್ಷರ. ಕೆಂಪಯ್ಯನಿಗೆ ಹೋದ ಜೀವ ಬಂದಂತಾಯಿತು. ಆದರೆ ಪೆಟ್ಟಿಗೆಯ ಹಿಂದೆ ರಿಪೇರಿಯವರು ಅಂಟಿಸಿದ್ದ ಚೀಟಿ ಬೇರೆಯೇ ಹೇಳುತ್ತಿತ್ತು. ಮೂರನೇ ತಾರೀಕಿನಿಂದ ಒಂಬತ್ತರವರೆಗೆ ಪೆಟ್ಟಿಗೆ ಮೈಸೂರಿನ ರಿಪೇರಿ ಅಂಗಡಿಯಲ್ಲಿತ್ತು. ಸೋಮಯ್ಯನ ರಕ್ತ ತೆಗೆದದ್ದು ನಾಲ್ಕಕ್ಕೆ.

“ಬಾಟಲಿ ಎಲ್ಲಿಟ್ಟಿದ್ದೆ?” ಎಂದರು ನಂದಿತಾ.

“ಫ್ರಿಜ್‌ನಲ್ಲಿ, ಮೇಡಂ.”

ತಂಪಿನಲ್ಲಿ ರೋಗಾಣು ಬೆಳೆಯುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆ ಬಂದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದನಂತೆ. ಅಷ್ಟರಲ್ಲಿ ಡಾಕ್ಟರು ವರದಿಗೆ ಫೋನ್ ಮಾಡಿದ್ದರು, ಇವನು ‘ಬೆಳೆದಿಲ್ಲ’ ಎಂದು ಟೈಪ್ ಮಾಡಿಬಿಟ್ಟಿದ್ದ.

“ಬೇರೆ ಲ್ಯಾಬಿಗೆ ಕಳಿಸಬಹುದಿತ್ತಲ್ಲ?”

ಚೇತನ್ ಕೆಂಪಯ್ಯನ ಕಡೆ ನೋಡಿದ. “ಮಾವ ಎಲ್ರ ಮುಂದೆ ನನ್ನ ಹೊಗಳಿ ಕಳಿಸಿದ್ರು. ಆಗಲ್ಲ ಅಂತ ವಾಪಸ್ ಕಳಿಸಿದ್ರೆ ಮಾವನ ಮರ್ವಾದೆ ಓಯ್ತಿತ್ತು ಮೇಡಂ.”

ಕೆಂಪಯ್ಯ ಅವನಿಂದ ಮುಖ ತಿರುಗಿಸಿದ. ಹಾಳಾದವನು, ಒಂದು ಫೋನ್ ಮಾಡಿದ್ದರೆ ಬಾಟಲಿ ಹಿಡಿದು ತಾನೇ ಮೈಸೂರು ಬಸ್ ಹತ್ತುತ್ತಿರಲಿಲ್ಲವೇ? ನಂಬಿದವನ ಕತ್ತು ಕೊಯ್ದು, ಅದಕ್ಕೆ ಮರ್ಯಾದೆ ಎಂದು ಬೇರೆ ಹೆಸರಿಡುತ್ತಾನೆ.

ಮಧ್ಯಾಹ್ನ 2.10ಕ್ಕೆ ಚೇತನ್‌ಕುಮಾರನ ಬಂಧನವಾಯಿತು. ಠಾಣೆಯ ಜಗುಲಿಯಲ್ಲಿ ಕೂತಿದ್ದ ಚಿಕ್ಕಸಿದ್ದಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ.

“ನೀನೇಳ್ದೆ ಅಂತ ಅಲ್ಲಿಗೋಗಿದ್ದು ಕಣಣ್ಣ,” ಎಂದಳು ಕೆಂಪಯ್ಯನಿಗೆ.

ಅವನು ಒಳಗೆ ಹೋಗಿ, ನಂದಿತಾ ಮುಂದಿದ್ದ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ತನ್ನದೇ ಇರಲಿ ಎಂದು ಕೇಳಿಕೊಂಡ.